ತಲೆಯಾಡಿಸಿದ ತಪ್ಪಿಗೆ

ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ಮಗಳು ನನ್ನ ಕೈ ಬಿಡಿಸಿಕೊಂಡಳು. ಕೋಪದಿಂದಲ್ಲ, ಮಾತಾಡುವುದಕ್ಕೆ. ಬೇರೆ ತಾಯಿ ಮಕ್ಕಳು ಕೈ ಕೈ ಹಿಡಿದುಕೊಂಡೇ ಊರ ಹರಟೆಯೆಲ್ಲ ಹೊಡೆಯಬಹುದು. ನಾವು ಹಾಗಲ್ಲ, ಒಂದೋ ಕೈ ಹಿಡಿಯಬೇಕು, ಇಲ್ಲವೇ ಮಾತಾಡಬೇಕು.

"ಗುಂಡಿ ತಾತನ ಹತ್ತಿರ ಅಳ್ತಾ ಇರಬಹುದಾ?" ಎಂದು ಕೈಯಲ್ಲೇ ಕೇಳಿದಳು.

"ಅವಳು ತಾತನನ್ನ ಅಳಿಸದಿದ್ರೆ ಸಾಕು" ಎಂದೆ ನಾನೂ ಕೈಯಲ್ಲೇ.

ಗುಂಡಿ ನನ್ನ ಮೊಮ್ಮಗಳು, ನಾಲ್ಕು ವರ್ಷದವಳು. ಮಗಳು ಅಂಗಡಿಯೊಂದಕ್ಕೆ ಪರದೆ ಹೊಲಿದುಕೊಡುತ್ತಾಳೆ. ಹೊಲಿಗೆ ಯಂತ್ರದ ಪಕ್ಕದಲ್ಲೇ ಬೆಳೆದ ಕೂಸು ದುಂಡಗೆ, ನುಣ್ಣಗೆ ಅಂಗಿಯ ಗುಂಡಿಯ ಹಾಗೇ ಇತ್ತು. ಅವಳ ಹೆಸರು ಹೇಳಬೇಕಾದರೆ ಮಗಳು ಎದೆಯ ಹತ್ತಿರ ಎರಡು ಬೆರಳಲ್ಲಿ ಗುಂಡಿ ಹಾಕಿದಂತೆ ಮಾಡುತ್ತಾಳೆ. ಆ ಗುಂಡಿ ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದು ಅವತ್ತು ತೀರ್ಮಾನವಾಗಬೇಕಿತ್ತು.

ಅಳಿಯ ಲಾರಿ ಓಡಿಸುತ್ತಾನೆ. ಹೋದ ವರ್ಷ ಇಬ್ಬರಿಗೂ ಜಗಳವಾಗಿ ತನ್ನ ಅಕ್ಕನ ಮನೆ ಸೇರಿಕೊಂಡ. ಮಗು ತನಗೆ ಬೇಕು ಎಂದು ಅರ್ಜಿ ಹಾಕಿದ. ಕಾರಣ ಒಂದೇ: ತಾಯಿಗೆ ಕಿವಿ ಕೇಳಿಸುವುದಿಲ್ಲ, ಮಗು ಅತ್ತರೆ ಗೊತ್ತಾಗುವುದಿಲ್ಲ. ಕಿವಿ ಕೇಳಿಸುವುದಿಲ್ಲ ಎಂಬುದು ಮದುವೆಯ ದಿನವೂ ಅವನಿಗೆ ಗೊತ್ತಿತ್ತು, ಇರಲಿ.

ಅದಕ್ಕಿಂತ ದೊಡ್ಡ ಕಂಟಕ ಇನ್ನೊಂದಿತ್ತು. ಮೊಕದ್ದಮೆಗೆ ಮುಂಚೆ ಸಂಧಾನ ಅಂತ ಒಂದು ಕೋಣೆಗೆ ಕರೆದಿದ್ದರು. ನನಗೆ "ನೀವು ಹೊರಗೆ ಮಗುನ ನೋಡ್ಕೊಳ್ಳಿ" ಅಂದರು. ಸನ್ನೆ ಬಲ್ಲವರು ಯಾರಾದರೂ ಬೇಕಲ್ಲ ಎಂದು ಅಳಿಯನ ಅಕ್ಕ ತಾನೇ ಮುಂದೆ ಬಂದು, "ನಾನು ಹೇಳ್ತೀನಿ ಬಿಡಿ ಅವಳಿಗೆ" ಎಂದು ಒಳಗೆ ಹೋದಳು. ಅವಳಿಗೆ ಗೊತ್ತಿದ್ದದ್ದು ಊಟ, ನಿದ್ದೆ, ಬಾ, ಹೋಗು, ಚೆನ್ನಾಗಿದೆ. ಅಷ್ಟು ಚಿಲ್ಲರೆ ಇಟ್ಟುಕೊಂಡು ಸಂತೆಗೆ ಹೋದ ಹಾಗೆ. ಒಳಗೆ ಬಹಳ ಹೊತ್ತು ಮಾತಾಯಿತು. ಹೊರಗೆ ಬಂದಾಗ, ಮಗು ತಂದೆಯ ಹತ್ತಿರ ಇರಲು ತಾಯಿ ಒಪ್ಪಿದ್ದಾಳೆ ಎಂದು ತೀರ್ಮಾನವಾಗಿತ್ತು.

ಮಗಳನ್ನು ಕೇಳಿದರೆ "ನಾನು ಏನೂ ಒಪ್ಪಿಲ್ಲ" ಅಂದಳು. ಅಳಿಯನ ಅಕ್ಕನನ್ನು ಕೇಳಿದರೆ, "ಸಂಧಾನದವರು ಒಂದೊಂದೇ ಹೇಳಿದ್ರು, ನಾನು ತೋರಿಸ್ದೆ, ಇವಳು ಎಲ್ಲದಕ್ಕೂ ತಲೆ ಆಡಿಸಿದ್ಲು. ದೇವರಾಣೆ" ಅಂದಳು. ನಾನು ಅವಳನ್ನು ಸುಳ್ಳುಗಾತಿ ಎಂದುಕೊಂಡೆ. ಅದೇ ನಂಬಿಕೆಯಲ್ಲಿ ಅವತ್ತು ಮೆಟ್ಟಿಲು ಹತ್ತಿದ್ದೆ.

ಹುಟ್ಟಿದಾಗಿನಿಂದ ಮಗಳಿಗೂ ಲೋಕಕ್ಕೂ ನಡುವೆ ನಿಂತು ಮಾತು ದಾಟಿಸಿದವಳು ನಾನು. ಅಂಗಡಿ, ಶಾಲೆ, ಆಸ್ಪತ್ರೆ, ಹೆರಿಗೆ ಕೋಣೆ ಎಲ್ಲೆಂದರಲ್ಲಿ. ಆದರೆ ಇಲ್ಲಿ ನಡೆಯುವುದಿಲ್ಲವಂತೆ. "ನೀವು ತಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು. ಅವಳು ಹೇಳಿದ್ದಕ್ಕೆ ನಾಲ್ಕು ಮಾತು ಸೇರಿಸಿಬಿಡ್ತೀರಿ" ಎಂದು ನಮ್ಮ ವಕೀಲೆಯೇ ನಕ್ಕಿದ್ದಳು. ನ್ಯಾಯಾಲಯವೇ ಒಬ್ಬ ದುಭಾಷಿಯನ್ನು ಕರೆಸಿತ್ತು.

ಆಕೆ ಜಗಲಿಯ ಬೆಂಚಿನ ಹತ್ತಿರ ನಮಗಾಗಿ ಕಾಯುತ್ತಿದ್ದರು. ಕಡುನೀಲಿ ಬಟ್ಟೆ, ಹೂವಿಲ್ಲ ಚುಕ್ಕಿಯಿಲ್ಲ. ಬಳೆಯಿಲ್ಲ, ಉಂಗುರವಿಲ್ಲ. ಹಿಂದೆ ಏನೂ ಗಜಿಬಿಜಿ ಇಲ್ಲದಿದ್ದರೆ ಕೈ ಚೆನ್ನಾಗಿ ಕಾಣುತ್ತದೆ ಎಂದು ಹಾಗೆ ಉಡುತ್ತಾರಂತೆ. ಮಗಳ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಯಾವ ಶಾಲೆ, ಸನ್ನೆ ಯಾರಿಂದ ಕಲಿತೆ, ಮನೆಯಲ್ಲಿ ಅಮ್ಮನಿಗೆ ಏನಂತ ಕರೆಯುತ್ತೀಯ ಎಂದೆಲ್ಲ ಕೇಳತೊಡಗಿದರು. ಮಗಳ ಕೈ ಹೇಗೆ ಆಡುತ್ತದೆ ಎಂದು ಮೊದಲೇ ಕಣ್ಣಿಗೆ ರೂಢಿ ಮಾಡಿಕೊಳ್ಳುವುದಂತೆ. ಮಗಳು ಗುಂಡಿಯ ಹೆಸರು ತೋರಿಸಿದಾಗ ಅವರೂ ಎದೆಯ ಹತ್ತಿರ ಗುಂಡಿ ಹಾಕಿ ನೋಡಿದರು. ಮಗಳು ಅಲ್ಲ ಎಂದು ಕೈಯಾಡಿಸಿ, ಸ್ವಲ್ಪ ಮೇಲೆ, ಎಂದು ತಿದ್ದಿದಳು. ಕೆಳಗೆ ಮಾಡಿದರೆ ಹೊಕ್ಕುಳಾಗಿಬಿಡುತ್ತದೆ.

ನನಗೆ ಸುಮ್ಮನಿರಲು ಆಗಲಿಲ್ಲ. "ಅವಳಿಗೆ ಈ ಬೆರಳು ಸ್ವಲ್ಪ ಸೊಟ್ಟ, ಚಿಕ್ಕವಳಿದ್ದಾಗ ಬಾಗಿಲಿಗೆ ಸಿಕ್ಕಿಕೊಂಡು..." ಎಂದು ಶುರುಮಾಡಿದೆ.

"ಅಮ್ಮ, ನೀವು ಮಾತಾಡಿದ್ರೆ ನನ್ನ ಕಣ್ಣು ಆ ಕಡೆ ಹೋಗುತ್ತೆ. ಅವರ ಕೈ ತಪ್ಪಿಹೋಗುತ್ತೆ."

"ಹೇಳೋದು ಒಳ್ಳೇದಲ್ವಾ? ನೀವು ನಮ್ಮ ಕಡೆಯವರು."

"ನಾನು ಯಾರ ಕಡೆಯೂ ಅಲ್ಲಮ್ಮ" ಎಂದರು ಮೆತ್ತಗೆ. "ಮೊಕದ್ದಮೆ ವಿಷಯ ನನಗೆ ಹೇಳಲೂಬೇಡಿ. ಒಳಗೆ ಯಾರು ಏನು ಅಂದ್ರೂ ಅದು ಅವರಿಗೆ ಮುಟ್ಟುತ್ತೆ. ಅವರು ಏನು ಅಂದ್ರೂ ಒಳಗಿನವರಿಗೆ ಮುಟ್ಟುತ್ತೆ. ನನ್ನ ಕೆಲಸ ಅಷ್ಟೇ."

ನನಗೆ ಸಪ್ಪೆಯಾಯಿತು. ಇಷ್ಟು ದೂರ ಬಂದವರು ನಮ್ಮ ಕಡೆ ಸ್ವಲ್ಪ ವಾಲಬಾರದೇ ಅನ್ನಿಸಿತು.

ನ್ಯಾಯಾಲಯದ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಎತ್ತರದ ಮೇಜು, ಅದರ ಹಿಂದೆ ಕನ್ನಡಕ ಹಾಕಿದ ನಡುವಯಸ್ಸಿನ ನ್ಯಾಯಾಧೀಶೆ, ಕೆಳಗೆ ಬೆರಳಚ್ಚುಗಾರ, ಪಕ್ಕದಲ್ಲಿ ಕಟಕಟೆ. ಬಾಗಿಲ ಜವಾನ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, "ಇಲ್ಲಿಂದ ಕೈ ಆಡಿಸಿದ್ರೆ ಎದ್ದು ಹೊರಗೆ ಹೋಗಬೇಕಾಗುತ್ತೆ ನೋಡಿ" ಅಂದ. ಮೂಗಿನ ಮೇಲೆ ಸೊಳ್ಳೆ ಕೂತರೂ ಓಡಿಸಲು ಹೆದರಿಕೆ. ಎರಡೂ ಅಂಗೈಗಳನ್ನು ತೊಡೆಯಡಿಗೆ ಸೇರಿಸಿ, ಅವುಗಳ ಮೇಲೆ ಕುಳಿತುಬಿಟ್ಟೆ.

ಮೊದಲ ರಗಳೆ ದುಭಾಷಿ ಎಲ್ಲಿ ನಿಲ್ಲಬೇಕು ಎಂಬುದರದ್ದು. ಸಾಕ್ಷಿಯ ಪಕ್ಕ ನಿಲ್ಲುವುದು ರೂಢಿ ಎಂದ ಜವಾನ. ಪಕ್ಕ ನಿಂತರೆ ಅವರಿಗೆ ನನ್ನ ಕಿವಿ ಮಾತ್ರ ಕಾಣುತ್ತದೆ ಎಂದರು ಆಕೆ. ನ್ಯಾಯಾಧೀಶೆಯ ಮೇಜಿನ ಬದಿಗೆ ಬಂದರೆ ಬೆನ್ನ ಹಿಂದೆ ಕಿಟಕಿ, ಬಿಸಿಲಿಗೆ ಕೈಗಳೆರಡೂ ಕಪ್ಪಗೆ ಕಾಣುತ್ತವೆ. ಕೊನೆಗೆ ಜವಾನನೇ ಗೊಣಗುತ್ತ ಹೋಗಿ ಪರದೆ ಎಳೆದ. ಮಗಳು ಆ ಪರದೆಯ ಅಂಚಿನ ಹೊಲಿಗೆಯನ್ನು ಒಂದು ಗಳಿಗೆ ನೋಡಿ ಮುಖ ಸಿಂಡರಿಸಿದಳು. ಅವಳ ಕಸುಬಿನ ಕಣ್ಣು, ಎಲ್ಲಿ ಹೋದರೂ ಬಿಡುವುದಿಲ್ಲ.

ದುಭಾಷಿ ಮೊದಲು ಪ್ರಮಾಣ ಮಾಡಿದರು, ಕೇಳಿದ್ದನ್ನೂ ಕಂಡದ್ದನ್ನೂ ಬಿಡದೆ, ಸೇರಿಸದೆ ಹೇಳುತ್ತೇನೆ ಎಂದು. ಆಮೇಲೆ ಮಗಳು ಪ್ರಮಾಣ ಮಾಡಿದಳು. ನಮ್ಮ ವಕೀಲೆ ನಿಮ್ಮ ಕೆಲಸವೇನು ಎಂದು ಕೇಳಿದಾಗ ಮಗಳ ಕೈ ಆಡಿತು, ದುಭಾಷಿಯ ಬಾಯಿ ಆಡಿತು: "ನಾನು ಪರದೆ ಹೊಲಿಯುತ್ತೇನೆ. ನನಗೆ ಒಬ್ಬಳು ಮಗಳು."

ಬೆರಳಚ್ಚುಗಾರ ತಲೆಯೆತ್ತಿ, "ಯಾರಿಗೆ? ನಿಮಗಾ?" ಅಂದ.

"ಸಾಕ್ಷಿಗೆ" ಎಂದರು ದುಭಾಷಿ. "ನಾನು ಅಂತ ಹೇಳಿದಾಗೆಲ್ಲ ಅದು ಸಾಕ್ಷಿ. ನನ್ನ ಬಗ್ಗೆ ಹೇಳೋದಿದ್ರೆ ದುಭಾಷಿ ಅಂತೀನಿ."

"ಒಳ್ಳೇ ತಮಾಷೆ" ಎಂದು ಅಳಿಯನ ಕಡೆಯ ವಕೀಲರು ಪಕ್ಕದವರ ಕಿವಿಯಲ್ಲಿ ಅಂದರು. "ಎಲ್ಲಾ ನಾಟಕ."

ಅವರು ಅಂದದ್ದು ಪಿಸುಮಾತಿನಲ್ಲಿ, ಆದರೆ ದಪ್ಪ ಗಂಟಲಿನ ಪಿಸುಮಾತು. ದುಭಾಷಿಯ ಕೈ ಆಡಿತು. ಮಗಳು ವಕೀಲರ ಕಡೆ ತಿರುಗಿ ಏನೋ ಹೇಳಿದಳು.

"ನಾಟಕ ಅಲ್ಲ ಸ್ವಾಮಿ. ನಾಟಕ ಆಗಿದ್ರೆ ಇನ್ನೂ ಒಳ್ಳೆ ಪರದೆ ಇರ್ತಿತ್ತು" ಎಂದಿತು ದುಭಾಷಿಯ ಬಾಯಿ.

ವಕೀಲರು ಕೆಂಪಾದರು. "ಅದನ್ನ ಯಾಕ್ರೀ ಅವರಿಗೆ ಹೇಳಿದ್ರಿ?"

"ಕೇಳಿಸಿತು. ಕೇಳಿಸಿದ್ದನ್ನ ಹೇಳ್ತೀನಿ ಅಂತ ಪ್ರಮಾಣ ಮಾಡಿದೀನಿ" ಎಂದು, ಅದನ್ನೂ ಕೈಯಲ್ಲಿ ತೋರಿಸಿದರು. ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು. ನಗು ಮುಚ್ಚಿಕೊಳ್ಳಲು ಅಂತ ನನ್ನ ಅನುಮಾನ. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಯಾರೂ ಪಿಸುಗುಟ್ಟಲಿಲ್ಲ. ಕಿವಿ ಇರುವವರಿಗೆ ಹೇಗೋ, ಕಿವಿ ಇಲ್ಲದವಳ ಮುಂದೆ ಎಲ್ಲರೂ ಮಾತು ಅಳೆದು ಆಡತೊಡಗಿದ್ದು ನನಗೆ ವಿಚಿತ್ರವಾಗಿ ಕಂಡಿತು.

ಆಮೇಲೆ ಪಾಟೀಸವಾಲು. ಅವರ ವಕೀಲರು ಎದ್ದರು. ಉದ್ದ ಮಾತಿನ ಮನುಷ್ಯ. ಪ್ರಶ್ನೆ ಅಂದರೆ ರೈಲು, ಡಬ್ಬಿ ಮೇಲೆ ಡಬ್ಬಿ.

"ನೀವು ಆ ದಿನ ಸಂಧಾನದ ಕೋಣೆಗೆ ಹೋಗಿದ್ದಿರಿ, ಅಲ್ಲಿ ನಿಮ್ಮ ಯಜಮಾನರಿದ್ದರು, ಅವರ ಅಕ್ಕ ಇದ್ದರು, ಸಂಧಾನದವರು ಎಲ್ಲವನ್ನೂ ಬಿಡಿಸಿ ಹೇಳಿದರು, ಮಗು ತಂದೆಯ ಮನೆಯಲ್ಲಿರಲಿ, ನೀವು ಬೇಕಾದಾಗ ಬಂದು ನೋಡಬಹುದು ಅಂದರು, ಅದಕ್ಕೆ ನೀವು ಮನಸಾರೆ ಒಪ್ಪಿಕೊಂಡಿರಿ, ಅಲ್ಲವೇ?"

ಕೈ ಬಾಯಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತದೆ. ಮಾತು ಕೇಳಿ, ಅರ್ಥ ಮಾಡಿಕೊಂಡು, ಆಮೇಲೆ ತಾನೇ ಕೈಗೆ ಇಳಿಯುವುದು? ದುಭಾಷಿ ಒಂದೊಂದೇ ಡಬ್ಬಿಯನ್ನು ದಾಟಿಸುತ್ತಿದ್ದರು. ಕೋಣೆಗೆ ಹೋಗಿದ್ದಿರಿ. ಮಗಳು ಸಣ್ಣಗೆ ತಲೆಯಾಡಿಸಿದಳು. ದುಭಾಷಿಯ ಬಾಯಿ "ಹೂಂ" ಎಂದಿತು. ಯಜಮಾನರಿದ್ದರು. ತಲೆಯಾಡಿತು, "ಹೂಂ". ಅಕ್ಕ ಇದ್ದರು, "ಹೂಂ". ಅಷ್ಟರಲ್ಲಿ ವಕೀಲರ ರೈಲು ನಿಲ್ದಾಣ ಸೇರಿ ನಿಂತಿತ್ತು. ದುಭಾಷಿಯ ಕೈ ಇನ್ನೂ "ಬೇಕಾದಾಗ ಬಂದು ನೋಡಬಹುದು" ಎಂಬಲ್ಲಿತ್ತು. ಮಗಳು ಅದಕ್ಕೂ ತಲೆಯಾಡಿಸಿದಳು. ಸದ್ದಿಲ್ಲದ ಕೋಣೆಯಲ್ಲಿ ಇನ್ನೊಂದು "ಹೂಂ" ಬಿತ್ತು.

ಬೆರಳಚ್ಚು ಯಂತ್ರ ಟಕಟಕ ಎಂದಿತು.

"ಸಾಕ್ಷಿ ಹೌದು ಅಂದಿದ್ದಾರೆ" ಎಂದು ವಕೀಲರು ಬಟ್ಟೆ ಸರಿಮಾಡಿಕೊಂಡು ಕುಳಿತರು. "ನನ್ನದು ಮುಗೀತು ಮಹಾಸ್ವಾಮಿ."

ಆಗ ದುಭಾಷಿಯ ಕೈ ಕೊನೆಯ ಡಬ್ಬಿಯನ್ನು ಮುಟ್ಟಿಸಿತು: ನೀವು ಒಪ್ಪಿಕೊಂಡಿರಿ, ಅಲ್ಲವೇ? ಮಗಳ ಕಣ್ಣು ಅಗಲವಾಯಿತು. ಎರಡೂ ಕೈ ಗಾಳಿ ಸೀಳಿದವು.

"ಇಲ್ಲ! ನಾನು ಒಪ್ಪಲಿಲ್ಲ! ಯಾವತ್ತೂ ಒಪ್ಪಲಿಲ್ಲ!"

ವಕೀಲರು ಮತ್ತೆ ಎದ್ದರು. "ನೋಡಿ ಮಹಾಸ್ವಾಮಿ, ಹೌದು ಅಂದ ನಾಲಿಗೆ ಇನ್ನೂ ಒಣಗಿಲ್ಲ, ಈಗ ಇಲ್ಲ ಅಂತಿದಾರೆ. ಹಿಂದಿನ ಬೆಂಚಿಂದ ತಾಯಿ ಸನ್ನೆ ಮಾಡಿರಬೇಕು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೈಗಳ ಮೇಲೆ ಕುಳಿತೇ ಇದ್ದೆ. ಎಳೆದು ತೋರಿಸೋಣವೆಂದರೆ ಜೋಮು ಹಿಡಿದಿತ್ತು. "ಕೈ ಇಲ್ಲಿದೆ ತಾಯಿ, ಕೂತ್ಬಿಟ್ಟಿದೀನಿ ಅದರ ಮೇಲೆ" ಎಂದೆ.

"ಕಾಣಿಸ್ತಿದೆ, ಕೂತಿರಿ" ಎಂದರು ನ್ಯಾಯಾಧೀಶೆ.

ನನ್ನೊಳಗೆ ಮಾತ್ರ ಬೆಂಕಿ. ಅದು ಹೌದಲ್ಲ, ಅದು ಹೌದಲ್ಲ ಎಂದು ಕೂಗಬೇಕು. ನನ್ನ ಮಗಳ ತಲೆಯನ್ನು ನನಗಿಂತ ಬಲ್ಲವರು ಯಾರು? ತೊಟ್ಟಿಲ ಕೂಸಿನಿಂದ ನೋಡಿದ್ದೇನೆ. ಕಥೆ ಹೇಳಿದರೂ ಹಾಗೇ ಆಡಿಸುತ್ತಾಳೆ, ಬೈದರೂ ಹಾಗೇ ಆಡಿಸುತ್ತಾಳೆ. ಆದರೆ ಬಾಯಿ ಬಿಟ್ಟರೆ ಹೊರಗೆ ಹೋಗಬೇಕು. ಕಿವಿ, ಬಾಯಿ, ಕೈ ಎಲ್ಲ ನೆಟ್ಟಗಿದ್ದೂ ಆ ಕೋಣೆಯಲ್ಲಿ ಮೂಕಿ ನಾನೇ ಆಗಿದ್ದೆ. ಸಂಧಾನದ ಕೋಣೆಯಲ್ಲೂ ಹೀಗೇ ಆಗಿರಬೇಕು ಎಂದು ಆಗ ಹೊಳೆಯಿತು. ಅಳಿಯನ ಅಕ್ಕ ಸುಳ್ಳು ಹೇಳಿರಲಿಲ್ಲ. ಅವಳು ಕಂಡದ್ದನ್ನೇ ಹೇಳಿದ್ದಳು.

ದುಭಾಷಿ ಕೈ ಎತ್ತಿದರು. "ದುಭಾಷಿಗೆ ಒಂದು ತಿದ್ದುಪಡಿ ಹೇಳೋದಿದೆ."

"ಹೇಳಿ."

"ಸಾಕ್ಷಿ ತಲೆ ಆಡಿಸಿದಾಗ ಪ್ರಶ್ನೆ ಪೂರ್ತಿ ಮುಟ್ಟಿರಲಿಲ್ಲ. ದುಭಾಷಿಯ ಕೈ ಇನ್ನೂ ಮಧ್ಯದಲ್ಲಿತ್ತು. ಆ ತಲೆಯಾಡಿಸುವಿಕೆಗೆ ದುಭಾಷಿ ಹೂಂ ಅಂತ ದನಿ ಕೊಟ್ಟಳು. ಕೊಡಬಾರದಿತ್ತು. ಅದು ದುಭಾಷಿಯ ತಪ್ಪು. ಅಲ್ಲಿ ಹೌದು ಅಂತ ಬರೆದಿದ್ರೆ ಅದು ಸಾಕ್ಷಿಯ ಮಾತಲ್ಲ."

ಇದನ್ನೆಲ್ಲ ಹೇಳುತ್ತಲೇ ಆಕೆ ಕೈಯಲ್ಲೂ ತೋರಿಸುತ್ತಿದ್ದರು. ತುಂಬಿದ ನ್ಯಾಯಾಲಯದಲ್ಲಿ ತನ್ನ ತಪ್ಪನ್ನು ಬಾಯಲ್ಲೂ ಕೈಯಲ್ಲೂ ಎರಡೆರಡು ಸಲ ಹೇಳಿಕೊಳ್ಳುವುದು. ಇವರು ನಮ್ಮ ಕಡೆ ವಾಲಲಿಲ್ಲವೆಂದು ಸಪ್ಪೆಯಾಗಿದ್ದ ನನಗೆ ನಾಚಿಕೆಯಾಯಿತು.

ವಕೀಲರಿಗೆ ಇದೇ ಬೇಕಿತ್ತು. "ತಪ್ಪು ಮಾಡಿದೆ ಅಂತ ಅವರೇ ಒಪ್ಕೊಂಡ್ರು! ಹಾಗಾದ್ರೆ ಬೆಳಗ್ಗಿಂದ ಹೇಳಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು? ಅದೂ ಅಲ್ದೆ ಮಹಾಸ್ವಾಮಿ, ಹೂಂ ಅಂದ್ರೆ ಏನು? ಹೌದು ತಾನೆ? ಚಿಕ್ಕ ಮಗೂನ ಕೇಳಿದ್ರೂ ಹೇಳುತ್ತೆ."

"ಹೂಂ" ಎಂದರು ನ್ಯಾಯಾಧೀಶೆ, ಕೆನ್ನೆಗೆ ಪೆನ್ನು ಒತ್ತಿಕೊಂಡು.

"ಊಟ ಆಯ್ತಾ ಅಂದ್ರೆ ಹೂಂ ಅಂತೀವಿ. ಬರ್ತೀಯಾ ಅಂದ್ರೆ ಹೂಂ ಅಂತೀವಿ."

"ಹೂಂ."

"ಮೌನವೇ ಸಮ್ಮತಿ ಲಕ್ಷಣ ಅಂತಾರೆ ದೊಡ್ಡವರು. ಇಲ್ಲಿ ಮೌನಕ್ಕಿಂತ ಹೆಚ್ಚೇ ಇದೆ, ತಲೆಯಾಡಿಸಿದ್ದಾರೆ."

ಮಗಳ ಕೈ ಆಡಿತು. ದುಭಾಷಿ ದನಿ ಕೊಟ್ಟರು: "ಮೌನವೇ ಸಮ್ಮತಿ ಆಗಿದ್ರೆ ನಾನು ಹುಟ್ಟಿದಾಗಿಂದ ಎಲ್ಲದಕ್ಕೂ ಒಪ್ಪಿಕೊಂಡು ಬಂದಿದೀನಿ ಅಂತಾಯ್ತು."

ಯಾರೋ ಕಿಸಕ್ಕೆಂದರು. ವಕೀಲರು ಜಗ್ಗಲಿಲ್ಲ. "ಆದ್ದರಿಂದ ಮಹಾಸ್ವಾಮಿ, ಸಂಧಾನದ ಕೋಣೆಯಲ್ಲಾಗಲಿ ಇಲ್ಲಾಗಲಿ, ತಲೆಯಾಡಿಸಿದ್ದನ್ನ ಒಪ್ಪಿಗೆ ಅಂತಲೇ ತೆಗೆದುಕೊಳ್ಳಬೇಕು."

"ಹೂಂ..."

"ತಾವೂ ಒಪ್ಪಿದಿರಿ, ತುಂಬಾ ಸಂತೋಷ" ಎಂದು ಕೈ ಮುಗಿದು ಕೂರಲು ಹೋದರು.

"ನಾನೆಲ್ಲಿ ಒಪ್ಪಿದೆ?" ಎಂದರು ನ್ಯಾಯಾಧೀಶೆ.

ವಕೀಲರು ಅರ್ಧ ಕೂತು ಅರ್ಧ ನಿಂತು ಹಾಗೇ ಉಳಿದರು. "ತಾವು... ಈಗ ತಾನೆ... ಹೂಂ ಅಂದಿರಿ."

"ಕೇಳಿಸಿಕೊಳ್ತಾ ಇದೀನಿ ಅಂತ ಅಂದೆ." ಇಷ್ಟು ಹೇಳಿದ್ದೇ ನ್ಯಾಯಾಧೀಶೆಗೆ ತಮ್ಮ ಮಾತೇ ತಮಗೆ ತಟ್ಟಿತು. ಬೆರಳಚ್ಚುಗಾರನ ಕಡೆ ಬಗ್ಗಿ, "ನಾನು ಹೂಂ ಅಂದದ್ದನ್ನೂ ಹೌದು ಅಂತ ಹೊಡೆದ್ಬಿಟ್ರಾ?" ಎಂದು ಕೇಳಿದರು.

ಅವನು ತಲೆ ಕೆರೆದುಕೊಂಡ. "ತಮ್ಮದು ಹೊಡೆಯಲ್ಲ ಅಮ್ಮ. ಸಾಕ್ಷಿಗಳು ಹೂಂ ಅಂದ್ರೆ ಹೌದು ಅಂತ ಹೊಡೆಯೋದು. ಮೊದಲಿಂದ ಅದೇ ರೂಢಿ."

ಕೋಣೆಯಲ್ಲಿ ಈ ಸಲ ಜವಾನನೂ ನಕ್ಕ. ದುಭಾಷಿ ಮಾತ್ರ ನಗದೆ, ಇದನ್ನು ಹೇಗೆ ಕೈಗೆ ಇಳಿಸುವುದೆಂದು ಒದ್ದಾಡುತ್ತಿದ್ದರು. ಹೂಂ ಎಂಬುದನ್ನು ಕಿವಿಯಿಂದ ಎಂದೂ ಕೇಳದವಳಿಗೆ ಅದರ ಎರಡು ಅರ್ಥ ತಿಳಿಸಬೇಕಲ್ಲ. ಕೊನೆಗೆ, ಕಿವಿ ಕೇಳುವವರು ಗಂಟಲಲ್ಲಿ ಮಾಡುವ ತಲೆಯಾಡಿಸುವಿಕೆ ಅದು, ಎಂದು ತೋರಿಸಿದರು. ಮಗಳು ಬೆರಗಾದಳು. ನಿಮಗೂ ಅದು ಇದೆಯಾ, ಎಂಬಂತೆ ನ್ಯಾಯಾಧೀಶೆಯ ಗಂಟಲನ್ನೇ ನೋಡಿದಳು.

ನ್ಯಾಯಾಧೀಶೆ ಅಳಿಯನನ್ನು ಎಬ್ಬಿಸಿದರು. ಅವನು ಬೆಳಗ್ಗಿನಿಂದ ತನ್ನ ಬೂಟಿನ ತುದಿ ನೋಡುತ್ತ ಕುಳಿತಿದ್ದ.

"ನೀವು ಇವರ ಜೊತೆ ಸಂಸಾರ ಮಾಡಿದೋರು. ನೀವು ಏನಾದ್ರೂ ಹೇಳ್ತಿರುವಾಗ ಇವರು ತಲೆ ಆಡಿಸಿದ್ರೆ ಏನು ಅಂತ ತಿಳ್ಕೋತಿದ್ರಿ?"

ಅವನ ಅಕ್ಕ ಅವನ ತೋಳು ಜಗ್ಗಿದಳು. ಒಂದು "ಹೌದು" ಅಂದಿದ್ದರೆ ಸಾಕಿತ್ತು, ಮಗು ಅವನ ಮನೆಗೆ ಹೋಗುತ್ತಿತ್ತು. ಮಗಳು ದುಭಾಷಿಯನ್ನು ಬಿಟ್ಟು ನೇರ ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ಬೂಟಿನಿಂದ ಕಣ್ಣೆತ್ತಿ ಅವಳ ಕೈಗಳನ್ನು ನೋಡಿದ. ಆಮೇಲೆ, "ಮುಂದೆ ಹೇಳು ಅಂತ" ಅಂದ.

"ಒಪ್ಪಿದೆ ಅಂತ ಅಲ್ವಾ?"

"ಅಲ್ಲ. ಒಪ್ಪಿದ್ರೆ ಅವಳು ಕೈಯಲ್ಲಿ ಹೇಳ್ತಾಳೆ. ಒಪ್ಪದಿದ್ರೂ ಹೇಳ್ತಾಳೆ, ಇನ್ನೂ ಜೋರಾಗಿ." ಅಕ್ಕನ ಕಡೆ ನೋಡದೆಯೇ ಮುಂದುವರಿಸಿದ. "ಅವತ್ತು ನಾನು ಕೋಪದಲ್ಲಿದ್ದೆ. ಯಾರೂ ನನ್ನ ಕೇಳಲೂ ಇಲ್ಲ."

ಅವನ ಅಕ್ಕ ತೋಳು ಬಿಟ್ಟು, "ನಾನೇನು ಸುಳ್ಳು ಹೇಳಿದ್ನಾ? ಕೋಲೆಬಸವನ ಹಾಗೆ ಆಡಿಸ್ತಾನೇ ಇದ್ಲು. ನಂಗೇನು ಗೊತ್ತು?" ಎಂದು ಅಳುಮುಖ ಮಾಡಿದಳು. ದುಭಾಷಿ ಕೋಲೆಬಸವನನ್ನೂ ಬಿಡದೆ ಕೊಂಬು ಸಮೇತ ದಾಟಿಸಿದರು.

ನ್ಯಾಯಾಧೀಶೆ ಮಗಳ ಕಡೆ ತಿರುಗಿದರು. ಈ ಸಲ ಮೆಲ್ಲಗೆ, ತುಂಡು ತುಂಡು ಮಾತಲ್ಲಿ ಕೇಳಿ, ಕೈ ನಿಲ್ಲುವ ತನಕ ಕಾದರು. "ಅರ್ಥ ಆಗದಿದ್ರೆ ನಿಲ್ಲಿಸಿ ಕೇಳಬಹುದಿತ್ತಲ್ಲ? ಯಾಕೆ ತಲೆ ಆಡಿಸಿದಿರಿ?"

ಮಗಳ ಕೈ ನಿಧಾನವಾಗಿ ಆಡಿತು, ದುಭಾಷಿಯ ದನಿಯೂ ಅಷ್ಟೇ ನಿಧಾನ.

"ಆಡಿಸದಿದ್ರೆ ನಿಲ್ಲಿಸಿಬಿಡ್ತಾರೆ. ಎಲ್ಲರೂ ಹಾಗೇ. ಇವಳಿಗೆ ತಿಳಿಯಲ್ಲ, ಬಿಡು, ಅಂತ ಪಕ್ಕದವರ ಕಡೆ ತಿರುಗಿಬಿಡ್ತಾರೆ. ಆಮೇಲೆ ನನ್ನ ವಿಷಯವನ್ನ ನನ್ನ ಎದುರೇ ಅವರವರೇ ಮಾತಾಡ್ಕೋತಾರೆ. ನಾನು ಆಡಿಸ್ತಾ ಇದ್ರೆ ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಹೇಳ್ತಾರೆ. ಹೇಳ್ತಾ ಹೇಳ್ತಾ ಎಲ್ಲಾದ್ರೂ ತಿಳಿಯಬಹುದು ಅಂತ ಆಸೆ. ಅದಕ್ಕೆ."

ಯಾರೂ ನಗಲಿಲ್ಲ. ಇಷ್ಟು ವರ್ಷ ಅವಳ ತಲೆ ಆಡುವುದನ್ನು ಕಂಡ ನನಗೂ ಇದು ಗೊತ್ತಿರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದಷ್ಟೇ ತಿಳಿದಿದ್ದೆ. ಎದ್ದುಹೋಗಬೇಡಿ ಎಂದು ಬೇಡುತ್ತಿದ್ದಾಳೆ ಎಂದು ತಿಳಿದಿರಲಿಲ್ಲ.

"ಮಗು ಅತ್ತರೆ ಹೇಗೆ ಗೊತ್ತಾಗುತ್ತೆ?" ಎಂದು ನ್ಯಾಯಾಧೀಶೆ ಕೇಳಿದರು.

"ಮಲಗಿದಾಗ ನನ್ನ ಕೈ ಅವಳ ಬೆನ್ನ ಮೇಲಿರುತ್ತೆ. ಅಳು ಮೊದಲು ಬೆನ್ನಿಗೆ ಬರುತ್ತೆ, ಆಮೇಲೆ ಬಾಯಿಗೆ. ಬಾಯಿಗೆ ಬರೋ ಹೊತ್ತಿಗೆ ನಾನು ಎದ್ದಿರ್ತೀನಿ. ಹಗಲು ಅವಳು ನೆಲ ಒದೀತಾಳೆ, ಹೊಲಿಗೆ ಯಂತ್ರದ ಪೆಡಲ್‌ಗೆ ಬರುತ್ತೆ. ಅದಕ್ಕೂ ನಾನು ನೋಡದೆ ಅವಳಿಗೆ ಸಿಟ್ಟು ಬಂದ್ರೆ, ಬಂದು ನನ್ನ ಕೆನ್ನೆ ತಿರುಗಿಸ್ತಾಳೆ."

"ಅವಳು ಯಾರ ಹತ್ತಿರ ಇರಬೇಕು ಅಂತ ನಿಮ್ಮ ಇಷ್ಟ?"

ಮಗಳ ತಲೆ ಅಲುಗಲಿಲ್ಲ. ಪ್ರಶ್ನೆ ಮುಗಿದು, ದುಭಾಷಿಯ ಕೈ ಕೆಳಗಿಳಿದ ಮೇಲೆ, "ನನ್ನ ಹತ್ತಿರ" ಎಂದಳು. "ಅಪ್ಪ ಬಂದು ನೋಡಲಿ, ಕರ್ಕೊಂಡು ಹೋಗಿ ಬರಲಿ. ಅವಳಿಗೆ ಲಾರಿ ಅಂದ್ರೆ ಪ್ರಾಣ. ಆದ್ರೆ ನಿದ್ದೆ ನನ್ನ ಹತ್ತಿರ."

ಊಟದ ಬಿಡುವಿನ ನಂತರ ನ್ಯಾಯಾಧೀಶೆ ಆಜ್ಞೆ ಓದಿದರು. ಸಂಧಾನದ ಕೋಣೆಯಲ್ಲಿ ನಡೆದದ್ದು ಒಪ್ಪಿಗೆಯಲ್ಲ, ಅದು ರದ್ದು. ಇವತ್ತಿನ ಹೇಳಿಕೆಯಿಂದ ಆ ಒಂದು "ಹೌದು" ಹೊಡೆದುಹಾಕಬೇಕು. ಮಗು ತಾಯಿಯ ಬಳಿ ಇರುತ್ತದೆ. ಭಾನುವಾರ ತಂದೆ ಬಂದು ಕರೆದುಕೊಂಡು ಹೋಗಿ ಸಂಜೆಗೆ ತಂದುಬಿಡಬೇಕು. ಮುಂದೆ ಈ ದಂಪತಿಯ ಯಾವ ಮಾತುಕತೆಯೂ ದುಭಾಷಿಯಿಲ್ಲದೆ ನಡೆಯಬಾರದು. ಅಳಿಯ ತಲೆತಗ್ಗಿಸಿ ಕೇಳಿದ. ಮಗಳು ಪೂರ್ತಿ ನೋಡಿದಳು, ಕೊನೆಯ ಸನ್ನೆಯ ತನಕ. ಆಮೇಲೆ ಕಟಕಟೆಯ ಅಂಚು ಹಿಡಿದು ಅಳತೊಡಗಿದಳು. ನಾನು ಬೆಂಚಿನಿಂದ ಏಳುವಷ್ಟರಲ್ಲಿ ಜವಾನನೇ ನೀರು ತಂದುಕೊಟ್ಟ.

ಜಗಲಿಗೆ ಬಂದಾಗ ದುಭಾಷಿ ಹೊರಡುವ ಆತುರದಲ್ಲಿದ್ದರು, ಇನ್ನೊಂದು ಕೋಣೆಯಲ್ಲಿ ಯಾರದೋ ವಿಚಾರಣೆ. ನಾನು ಕೈ ಮುಗಿದು, "ನಿಮ್ಮಿಂದ ಬಹಳ ಉಪಕಾರ ಆಯ್ತಮ್ಮ" ಅಂದೆ.

"ನಾನು ತಪ್ಪು ಮಾಡಿದ್ದೇ ಜಾಸ್ತಿ ಇವತ್ತು" ಎಂದರು. "ಮನೇಲಿ ಮಗನಿಗೆ ಕಥೆ ಹೇಳಿ ಹೇಳಿ, ಅವನು ಹೂಂ ಹೂಂ ಅಂದು ಅಂದು, ನನ್ನ ಬಾಯಿಗೂ ಅದೇ ಅಂಟಿಬಿಟ್ಟಿದೆ." ಮಗಳ ಜೊತೆ ಅದೇನೋ ಎರಡು ಸನ್ನೆ ಆಡಿ ಬೇಗ ಬೇಗ ಹೋದರು.

ಕೆಳಗಿನ ಮರದಡಿ ನಮ್ಮ ಯಜಮಾನರು ಗುಂಡಿಯನ್ನು ಹೆಗಲ ಮೇಲೆ ಹೊತ್ತು ಬೆವರು ಒರೆಸಿಕೊಳ್ಳುತ್ತಿದ್ದರು. ತಾಯಿಯನ್ನು ಕಂಡದ್ದೇ ಅವಳು ಹೆಗಲಿಂದ ಜಾರಿ ಓಡಿಬಂದು ಕಾಲು ತಬ್ಬಿದಳು. ಒಂದು ಕೈಯಲ್ಲಿ ಕಾಲು, ಇನ್ನೊಂದು ಕೈಯಲ್ಲಿ ಮಾತು. ತಾತ ಐಸ್‌ಕ್ರೀಮ್ ಕೊಡಿಸಲಿಲ್ಲ ಎಂಬ ದೂರು.

ಅಷ್ಟರಲ್ಲಿ ಅಳಿಯನ ಅಕ್ಕ ಮೆಟ್ಟಿಲಿಳಿದು ನಮ್ಮ ಹತ್ತಿರ ಬಂದಳು. ಅಳಿಯ ದೂರದಲ್ಲೇ ನಿಂತ. ಅವಳ ಕಣ್ಣು ಕೆಂಪಾಗಿತ್ತು. ಮಗಳ ಕಡೆ ನೋಡಲಾರದೆ ನನ್ನನ್ನು ಕೇಳಿದಳು: "ಅಮ್ಮ, ಭಾನುವಾರ ಇವನು ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿ ಅವಳನ್ನ."

ನನ್ನ ಕೈ ತಾನಾಗಿಯೇ ಮೇಲೆದ್ದಿತು. ಎಷ್ಟೋ ವರ್ಷದ ಅಭ್ಯಾಸ. ಎದ್ದ ಕೈಯನ್ನು ಗುಂಡಿಯ ತಲೆಯ ಮೇಲಿಟ್ಟುಕೊಂಡೆ.

"ಎದುರಿಗೇ ಇದಾಳಲ್ಲ, ನೀವೇ ಕೇಳಿ."

"ನಂಗೆ ಬರಲ್ವಲ್ಲ."

"ಅವಳು ಹೇಳಿಕೊಡ್ತಾಳೆ."

ಅಳಿಯನ ಅಕ್ಕ ಒಂದು ಕೈಯಲ್ಲಿ ಹೆಗಲ ಚೀಲ ಹಿಡಿದು, ಇನ್ನೊಂದರಲ್ಲಿ ಗಾಳಿಯಲ್ಲಿ ಏನೋ ಗೀಚಿದಳು. ಅದು ಭಾನುವಾರವೂ ಆಗಲಿಲ್ಲ, ಗಂಟೆಯೂ ಆಗಲಿಲ್ಲ. ಗುಂಡಿ ಕೈಕೈ ಹೊಡೆದು ನಕ್ಕು, "ಅತ್ತೆ ಬಾಗಿಲು ಅಂತ ಹೇಳ್ತಿದಾಳೆ!" ಎಂದು ಕೂಗಿದಳು. ಮಗಳು ಮಾತ್ರ ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಹುಬ್ಬು ಎತ್ತಿ, ತಿಳಿಯಲಿಲ್ಲ, ಇನ್ನೊಂದು ಸಲ, ಎಂದು ಕೇಳಿ ಕಾದು ನಿಂತಳು.

ಅಳಿಯನ ಅಕ್ಕ ಅತ್ತಿತ್ತ ನೋಡಿದಳು. ಆಮೇಲೆ ಹೆಗಲಿನ ಚೀಲ ತೆಗೆದು ನೆಲದ ಮೇಲಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡಳು.